ಶುಶ್ರೂಷೆಗೆ ಪದವಿ ಬಂದ ಬಗೆ



ಪಿ.ಯು.ಸಿ. ವಿಜ್ಞಾನ ಮುಗಿಸಿದ ಮಗಳೋ ಮಗನೋ ಬಂದು "ನಾನು ಬಿ.ಎಸ್ಸಿ. ನರ್ಸಿಂಗ್ ಓದುತ್ತೇನೆ" ಎಂದಾಗ ನಿಮ್ಮ ಮನಸ್ಸಿನಲ್ಲಿ ಕೆಲವು ಪ್ರಶ್ನೆಗಳು ಏಳುವುದು ಸಹಜ. ಮೂರು ವರ್ಷದ ಡಿಪ್ಲೊಮಾ ಇರುವಾಗ ನಾಲ್ಕು ವರ್ಷ ಏಕೆ? ಇಂಜೆಕ್ಷನ್ ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಕಲಿತರೆ ಸಾಲದೇ? ಅದರ ಜೊತೆಗೆ ಸಮಾಜಶಾಸ್ತ್ರ, ಮನಃಶಾಸ್ತ್ರ, ಭಾಷೆ ಇವೆಲ್ಲ ಏತಕ್ಕೆ?

ಈ ಪ್ರಶ್ನೆಗಳು ಹೊಸವಲ್ಲ. ನೂರು ವರ್ಷಗಳ ಹಿಂದೆ ಅಮೆರಿಕದ ತಂದೆ-ತಾಯಿಗಳೂ, ಆಸ್ಪತ್ರೆಗಳ ಆಡಳಿತಗಾರರೂ, ಅನೇಕ ವೈದ್ಯರೂ ಇವನ್ನೇ ಕೇಳಿದ್ದರು. ಅಲ್ಲಿ ಶುಶ್ರೂಷೆಯ ಕಲಿಕೆ ಆಸ್ಪತ್ರೆಯ ವಾರ್ಡಿನಿಂದ ಕಾಲೇಜಿನ ತರಗತಿಗೆ ಬಂದ ಇತಿಹಾಸವನ್ನು ಓದಿದರೆ ಉತ್ತರ ತಾನಾಗಿಯೇ ಸಿಗುತ್ತದೆ. ಆ ಇತಿಹಾಸವನ್ನು ಸಂಕ್ಷಿಪ್ತವಾಗಿ ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ವಿದ್ಯಾರ್ಥಿನಿಯೋ, ಕೂಲಿಯಾಳೋ?

1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ನಿಧಿಯಿಂದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಾ ತರಬೇತಿ ಶಾಲೆ ಆರಂಭವಾಯಿತು. ಶಾಲೆಗೆ ಪ್ರತ್ಯೇಕ ನಿಧಿ ಇತ್ತೆಂಬುದನ್ನು ನೆನಪಿಡಿ. ಈ ಮಾದರಿಯನ್ನು ಅನುಸರಿಸಿ 1873ರಲ್ಲಿ ಅಮೆರಿಕದ ನ್ಯೂಯಾರ್ಕ್, ನ್ಯೂಹೇವನ್ ಮತ್ತು ಬಾಸ್ಟನ್ ನಗರಗಳಲ್ಲಿ ತರಬೇತಿ ಶಾಲೆಗಳು ತೆರೆದವು. ಆದರೆ ಮಾದರಿ ಸಮುದ್ರ ದಾಟಿ ಬಂದರೂ ನಿಧಿ ಬರಲಿಲ್ಲ. ಶಾಲೆಗಳು ಕ್ರಮೇಣ ಆಸ್ಪತ್ರೆಗಳ ಹಿಡಿತಕ್ಕೆ ಸಿಕ್ಕವು.

ಅಮೆರಿಕದ ಮೊದಲ ತರಬೇತಿ ಪಡೆದ ನರ್ಸ್ ಎಂದು ಹೆಸರಾದ ಲಿಂಡಾ ರಿಚರ್ಡ್ಸ್ 1873ರಲ್ಲಿ ಬಾಸ್ಟನ್ನಿನ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿದರು. ಬೆಳಗ್ಗೆ ಐದೂವರೆಗೆ ಎದ್ದರೆ ರಾತ್ರಿ ಒಂಬತ್ತಕ್ಕೆ ವಾರ್ಡಿನಿಂದ ಬಿಡುಗಡೆ. ಮಲಗುವ ಕೋಣೆಯೂ ವಾರ್ಡುಗಳ ನಡುವೆಯೇ. ರಾತ್ರಿ ರೋಗಿ ಕರೆದರೆ ಎದ್ದು ಹೋಗಬೇಕು. ಪಾಠವೆಂಬುದು ವೈದ್ಯರು ನೀಡುತ್ತಿದ್ದ ಕೆಲವೇ ಉಪನ್ಯಾಸಗಳು. ಅದೇ ಆಸ್ಪತ್ರೆಯಲ್ಲಿ 1879ರಲ್ಲಿ ತರಬೇತಿ ಮುಗಿಸಿದ ಮೇರಿ ಎಲೈಜಾ ಮಹೋನಿ ಅಮೆರಿಕದ ಮೊದಲ ಕಪ್ಪು ವರ್ಣದ ವೃತ್ತಿಪರ ನರ್ಸ್ ಎನಿಸಿದರು.

ಆಸ್ಪತ್ರೆಗಳಿಗೆ ಇದರಲ್ಲಿ ದೊಡ್ಡ ಲಾಭ ಕಂಡಿತು. ತರಬೇತಿ ಶಾಲೆ ತೆರೆದರೆ ಊಟ, ವಸತಿ ಮತ್ತು ಅಲ್ಪ ಭತ್ಯೆಗೆ ಹಗಲಿರುಳು ದುಡಿಯುವ ತರುಣಿಯರು ಸಿಗುತ್ತಿದ್ದರು. ಕಲಿತು ಹೊರಬಂದವರಿಗೆ ಆಸ್ಪತ್ರೆಗಳಲ್ಲಿ ಹೆಚ್ಚಿನ ಹುದ್ದೆಗಳೂ ಇರಲಿಲ್ಲ. ಅವರು ಶ್ರೀಮಂತರ ಮನೆಗಳಲ್ಲಿ ಖಾಸಗಿ ನರ್ಸ್‌ಗಳಾಗಿ ದುಡಿಯುತ್ತಿದ್ದರು. ವಾರ್ಡಿನ ಕೆಲಸಕ್ಕೆ ಮತ್ತೆ ಹೊಸ ವಿದ್ಯಾರ್ಥಿನಿಯರು! 1880ರಲ್ಲಿ ಇಡೀ ಅಮೆರಿಕದಲ್ಲಿ ಇಂಥ ಶಾಲೆಗಳು ಕೇವಲ 15. 1900ರ ಹೊತ್ತಿಗೆ 432. ಈ ಬೆಳವಣಿಗೆಯನ್ನು ವಿದ್ಯೆಯ ಪ್ರಸಾರವೆಂದು ತಿಳಿದರೆ ತಪ್ಪಾದೀತು. ಅದರಲ್ಲಿ ಬಹುಪಾಲು ಅಗ್ಗದ ದುಡಿಮೆಯ ಪ್ರಸಾರವಾಗಿತ್ತು.

ವಿಶ್ವವಿದ್ಯಾಲಯದ ಬಾಗಿಲು ತೆರೆದವರು

ಈ ಸ್ಥಿತಿಯನ್ನು ಮೊದಲು ಪ್ರಶ್ನಿಸಿದವರು ನರ್ಸ್‌ಗಳೇ. ಇಸಬೆಲ್ ಹ್ಯಾಂಪ್ಟನ್ ರಾಬ್, ಅಡಿಲೇಡ್ ನಟಿಂಗ್ ಮೊದಲಾದವರ ಪ್ರಯತ್ನದಿಂದ 1899ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ, ತರಬೇತಿ ಪಡೆದ ನರ್ಸ್‌ಗಳನ್ನು ಶಿಕ್ಷಕಿಯರನ್ನಾಗಿ ಸಿದ್ಧಪಡಿಸುವ ಕೋರ್ಸ್ ಆರಂಭವಾಯಿತು. 1907ರಲ್ಲಿ ನಟಿಂಗ್ ಅದೇ ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾದರು. ನರ್ಸ್ ಒಬ್ಬರು ಪ್ರಾಧ್ಯಾಪಕ ಹುದ್ದೆಗೇರಿದ್ದು ಅದೇ ಮೊದಲು. 1909ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯ ಶುಶ್ರೂಷಾ ಶಾಲೆಯನ್ನು ತನ್ನ ಅಂಗವಾಗಿ ಸೇರಿಸಿಕೊಂಡಿತು. 1916ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಐದು ವರ್ಷಗಳ ಪದವಿ ಕೋರ್ಸ್ ಶುರುವಾಯಿತು.

ಇವು ದೊಡ್ಡ ವಿಶ್ವವಿದ್ಯಾಲಯಗಳ ಮಾತಾಯಿತು. ಅಮೆರಿಕದಲ್ಲಿ ಇನ್ನೊಂದು ಬಗೆಯ ಸಂಸ್ಥೆಗಳಿವೆ. ಅವುಗಳಿಗೆ ಲಿಬರಲ್ ಆರ್ಟ್ಸ್ ಕಾಲೇಜು ಎಂದು ಹೆಸರು. 'ಆರ್ಟ್ಸ್' ಎಂದ ಮಾತ್ರಕ್ಕೆ ನಮ್ಮ ಬಿ.ಎ. ಕಾಲೇಜೆಂದು ತಿಳಿಯಬೇಡಿ. ಅಲ್ಲಿ ಭಾಷೆ, ಇತಿಹಾಸ, ತತ್ವಶಾಸ್ತ್ರ, ಗಣಿತ, ವಿಜ್ಞಾನ ಎಲ್ಲವನ್ನೂ ವಿದ್ಯಾರ್ಥಿ ಸ್ವಲ್ಪಸ್ವಲ್ಪವಾದರೂ ಓದಬೇಕು. ಬಳಿಕ ಒಂದು ವಿಷಯದಲ್ಲಿ ಆಳಕ್ಕೆ ಇಳಿಯಬೇಕು. ವೃತ್ತಿ ಕಲಿಸುವುದಕ್ಕಿಂತ ಯೋಚಿಸಲು ಕಲಿಸುವುದು ತಮ್ಮ ಕೆಲಸವೆಂದು ಈ ಕಾಲೇಜುಗಳು ನಂಬಿದ್ದವು. ಹೀಗಿರುವಾಗ ಆಸ್ಪತ್ರೆಯ ಕೆಲಸಕ್ಕೆ ಅಲ್ಲಿ ಸ್ಥಳ ಸಿಕ್ಕಿದ್ದು ಹೇಗೆ?

ವಾಸರ್ ಕಾಲೇಜಿನ ಬೇಸಿಗೆ

ಉತ್ತರ ಒಂದನೇ ಮಹಾಯುದ್ಧದಲ್ಲಿದೆ. ಸೈನ್ಯಕ್ಕೆ ನರ್ಸ್‌ಗಳ ತೀವ್ರ ಕೊರತೆ ಉಂಟಾದಾಗ, 1918ರ ಬೇಸಿಗೆಯಲ್ಲಿ ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಊರಿನ ಪ್ರಸಿದ್ಧ ಮಹಿಳಾ ಕಾಲೇಜಾಗಿದ್ದ ವಾಸರ್ ತನ್ನ ಆವರಣವನ್ನು ತರಬೇತಿ ಶಿಬಿರಕ್ಕೆ ಬಿಟ್ಟುಕೊಟ್ಟಿತು. ರೆಡ್ ಕ್ರಾಸ್ ಹಣ ಒದಗಿಸಿತು. ನೂರಕ್ಕೂ ಹೆಚ್ಚು ಕಾಲೇಜುಗಳಿಂದ ನಾನೂರಕ್ಕೂ ಹೆಚ್ಚು ಮಹಿಳಾ ಪದವೀಧರರು ಬಂದು ಸೇರಿದರು. ಹನ್ನೆರಡು ವಾರಗಳ ಕಾಲ ಅಂಗರಚನೆ, ಶರೀರಕ್ರಿಯೆ, ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಪೋಷಣೆ ಇತ್ಯಾದಿ ಕಲಿತು, ನಂತರ ವಿವಿಧ ಆಸ್ಪತ್ರೆಗಳಿಗೆ ತೆರಳಿ ತರಬೇತಿ ಮುಂದುವರಿಸಿದರು. ಮೊದಲೇ ಪದವಿ ಪಡೆದವರೆಂಬ ಕಾರಣಕ್ಕೆ ಅವರ ಆಸ್ಪತ್ರೆಯ ಅವಧಿಯನ್ನು ಕಡಿಮೆ ಮಾಡಲಾಯಿತು.

ಶಿಬಿರ ನಡೆದದ್ದು ಒಂದೇ ಬೇಸಿಗೆ. ಅದೇ ವರ್ಷದ ಕೊನೆಯಲ್ಲಿ ಯುದ್ಧ ಮುಗಿಯಿತು. ಆದರೆ ಕಾಲೇಜು ಓದಿದ ಹೆಣ್ಣುಮಕ್ಕಳು ವಾರ್ಡಿಗೆ ಇಳಿಯಬಲ್ಲರು, ವಿಜ್ಞಾನವನ್ನು ತರಗತಿಯಲ್ಲಿ ಕ್ರಮವಾಗಿ ಕಲಿತು ಅನಂತರ ರೋಗಿಯ ಬಳಿಗೆ ಹೋಗಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು. ಆ ಶಿಬಿರದಲ್ಲಿ ಕಲಿತ ಕ್ಯಾಥರಿನ್ ಡೆನ್ಸ್‌ಫೋರ್ಡ್ ಮುಂದೆ ದೀರ್ಘಕಾಲ ಮಿನ್ನೆಸೋಟ ವಿಶ್ವವಿದ್ಯಾಲಯದ ಶುಶ್ರೂಷಾ ಶಾಲೆಯನ್ನು ಮುನ್ನಡೆಸಿದರು.

1922ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾರಾಟೊಗಾ ಸ್ಪ್ರಿಂಗ್ಸ್ ಎಂಬ ಊರಿನ ಸ್ಕಿಡ್‌ಮೋರ್ ಕಾಲೇಜು ಶುಶ್ರೂಷೆಯನ್ನು ಪದವಿಯ ವಿಷಯವಾಗಿ ಆರಂಭಿಸಿತು. ಅಲ್ಲಿನ ವಿದ್ಯಾರ್ಥಿನಿಯರು ಒಂದಷ್ಟು ಕಾಲ ಕಾಲೇಜಿನಲ್ಲಿ ಓದಿ, ಆಸ್ಪತ್ರೆಯ ಅನುಭವಕ್ಕಾಗಿ ದೂರದ ನ್ಯೂಯಾರ್ಕ್ ನಗರದಲ್ಲಿ ಉಳಿಯುತ್ತಿದ್ದರು. ಅರವತ್ತಕ್ಕೂ ಹೆಚ್ಚು ವರ್ಷ ನಡೆದ ಈ ಕೋರ್ಸ್ 1980ರ ದಶಕದಲ್ಲಿ ಮುಚ್ಚಿತು. ಇದರಿಂದ ಒಂದು ಮಾತು ಸ್ಪಷ್ಟ. ಪುಸ್ತಕ ಕಾಲೇಜಿನಲ್ಲಿದ್ದರೂ ರೋಗಿ ಇರುವುದು ಆಸ್ಪತ್ರೆಯಲ್ಲಿ. ಸಣ್ಣ ಕಾಲೇಜು ನರ್ಸಿಂಗ್ ಕಲಿಸಬೇಕಾದರೆ ಒಳ್ಳೆಯ ಆಸ್ಪತ್ರೆಯ ಜೊತೆ ಗಟ್ಟಿಯಾದ ನಂಟು ಇರಲೇಬೇಕು.

ಎರಡು ವರದಿಗಳು

1923ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಜೋಸೆಫಿನ್ ಗೋಲ್ಡ್‌ಮಾರ್ಕ್ ಅವರು ಸಿದ್ಧಪಡಿಸಿದ ವರದಿ ಪ್ರಕಟವಾಯಿತು. ಆಸ್ಪತ್ರೆಯ ಕೆಲಸಕ್ಕೂ ವಿದ್ಯಾರ್ಥಿನಿಯ ಕಲಿಕೆಗೂ ಘರ್ಷಣೆ ಬಂದಾಗಲೆಲ್ಲ ಸೋಲುತ್ತಿದ್ದುದು ಕಲಿಕೆಯೇ ಎಂಬುದು ಅದರ ತಿರುಳು. ಶುಶ್ರೂಷಾ ಶಾಲೆಗೆ ತನ್ನದೇ ಹಣಕಾಸು, ತನ್ನದೇ ಆಡಳಿತ ಬೇಕೆಂದು ಅದು ಒತ್ತಾಯಿಸಿತು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದಲ್ಲಿ ಆನಿ ಗುಡ್‌ರಿಚ್ ಅವರನ್ನು ಡೀನ್ ಆಗಿ ನೇಮಿಸಿ ಸ್ವತಂತ್ರ ನರ್ಸಿಂಗ್ ಶಾಲೆ ತೆರೆಯಲಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಅಮೆರಿಕ ಸರ್ಕಾರ ಕೆಡೆಟ್ ನರ್ಸ್ ದಳವನ್ನು ಸ್ಥಾಪಿಸಿ ವಿದ್ಯಾರ್ಥಿನಿಯರ ಶುಲ್ಕ, ಪುಸ್ತಕ, ಸಮವಸ್ತ್ರಗಳ ವೆಚ್ಚವನ್ನು ತಾನೇ ಭರಿಸಿತು. 1948ರವರೆಗೆ 1,20,000ಕ್ಕೂ ಹೆಚ್ಚು ಮಂದಿ ಈ ಯೋಜನೆಯಲ್ಲಿ ತರಬೇತಿ ಮುಗಿಸಿದರು. 1948ರಲ್ಲೇ ಎಸ್ತರ್ ಲೂಸಿಲ್ ಬ್ರೌನ್ ಅವರ ವರದಿ ಬಂದು, ವೃತ್ತಿಪರ ನರ್ಸ್‌ಗಳ ಶಿಕ್ಷಣ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲೇ ನಡೆಯಬೇಕೆಂದು ಹೇಳಿತು. 1965ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ಇದೇ ನಿಲುವನ್ನು ಅಧಿಕೃತವಾಗಿ ಸಾರಿತು. ಆದರೂ 1952ರಿಂದ ಬೆಳೆದು ಬಂದಿದ್ದ ಎರಡು ವರ್ಷದ ಕೋರ್ಸ್ ಇಂದಿಗೂ ಉಳಿದಿದೆ. 2017ರಲ್ಲಿ ನ್ಯೂಯಾರ್ಕ್ ರಾಜ್ಯ, ಹೊಸದಾಗಿ ನೋಂದಣಿಯಾಗುವ ನರ್ಸ್‌ಗಳು ಹತ್ತು ವರ್ಷಗಳೊಳಗೆ ಪದವಿ ಪಡೆಯಬೇಕೆಂದು ಕಾನೂನು ಮಾಡಿತು. ಚರ್ಚೆ ಮುಗಿದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಬಾಗಿಲ ಹೊರಗೆ ನಿಂತಿದ್ದವರು

ಈ ಕಥೆಯ ಇನ್ನೊಂದು ಮಗ್ಗುಲು ಹಿಂದುಳಿದ ಸಮುದಾಯಗಳ ಪಾಲಿಗೆ ಬಹಳ ಮುಖ್ಯ. ವರ್ಣಭೇದದ ಆ ದಿನಗಳಲ್ಲಿ ಹೆಚ್ಚಿನ ಶಾಲೆಗಳು ಕಪ್ಪು ವರ್ಣದ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅವರು ಕಾಯುತ್ತ ಕೂರಲಿಲ್ಲ. ಅಟ್ಲಾಂಟದ ಸ್ಪೆಲ್‌ಮನ್ ಸಂಸ್ಥೆ 1886ರಲ್ಲೇ ನರ್ಸಿಂಗ್ ತರಬೇತಿ ಆರಂಭಿಸಿತು. ನ್ಯೂ ಆರ್ಲಿಯನ್ಸ್ ನಗರದ ಡಿಲ್ಲರ್ಡ್, ಕಪ್ಪು ಜನರ ಶಿಕ್ಷಣಕ್ಕಾಗಿ ಹುಟ್ಟಿದ ಲಿಬರಲ್ ಆರ್ಟ್ಸ್ ಸಂಸ್ಥೆ. 1942ರಲ್ಲಿ ರಿಟಾ ಮಿಲ್ಲರ್ ಅವರ ನೇತೃತ್ವದಲ್ಲಿ ಅದು ನರ್ಸಿಂಗ್ ಪದವಿ ವಿಭಾಗ ತೆರೆಯಿತು. ಲೂಸಿಯಾನಾ ರಾಜ್ಯದಲ್ಲಿ ಮಾನ್ಯತೆ ಪಡೆದ ಮೊದಲ ನರ್ಸಿಂಗ್ ಪದವಿ ಕೋರ್ಸ್ ಅದೇ. ಬಿಳಿಯರ ಸಂಸ್ಥೆಗಳು ಹಿಂದೆ ಉಳಿದಾಗ, ತುಳಿಯಲ್ಪಟ್ಟವರ ಸಂಸ್ಥೆ ಮುಂದೆ ಹೋಯಿತು!

ಕೆಂಟಕಿ ರಾಜ್ಯದ ಬೆರಿಯಾ ಕಾಲೇಜಿನ ಕಥೆಯನ್ನೂ ಕೇಳಿ. 1855ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಗಂಡು-ಹೆಣ್ಣು, ಕಪ್ಪು-ಬಿಳಿ ಎಂಬ ಭೇದವಿಲ್ಲದೆ ಎಲ್ಲರಿಗೂ ಪಾಠ ಹೇಳುತ್ತಿತ್ತು. 1904ರಲ್ಲಿ ರಾಜ್ಯದ ಕಾನೂನು ಇದನ್ನು ಬಲವಂತವಾಗಿ ನಿಲ್ಲಿಸಿತು; 1950ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆಯೇ ಬಾಗಿಲು ಮತ್ತೆ ತೆರೆಯಿತು. 1892ರಿಂದ ಅಲ್ಲಿ ಬೋಧನಾ ಶುಲ್ಕವಿಲ್ಲ. ಹೆಚ್ಚಿನ ವಿದ್ಯಾರ್ಥಿಗಳು ಅಪಲೇಷಿಯಾ ಬೆಟ್ಟಗಾಡಿನ ಬಡ ಮನೆಗಳಿಂದ ಬಂದವರು. ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನಲ್ಲೇ ದುಡಿಯಬೇಕು. ಇಂಥ ಕಾಲೇಜಿನಲ್ಲಿ ಇಂದು ಬಿ.ಎಸ್ಸಿ. ನರ್ಸಿಂಗ್ ಪದವಿ ಇದೆ. ಬಡವರ ಮಕ್ಕಳಿಗೆ ಬರೀ ಕೈಕೆಲಸ ಸಾಕು, ಇತಿಹಾಸ-ತತ್ವಶಾಸ್ತ್ರ ಅವರಿಗೇಕೆ ಎಂದು ಆ ಸಂಸ್ಥೆ ಎಂದೂ ಭಾವಿಸಲಿಲ್ಲ.

ನಾಲ್ಕು ವರ್ಷದಲ್ಲಿ ಕಲಿಯುವುದೇನು?

ಇಂಥ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಮೊದಲ ಎರಡು ವರ್ಷ ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆ ಮನಃಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಬಂಧ ರಚನೆ, ನೀತಿಶಾಸ್ತ್ರ ಅಥವಾ ಇತಿಹಾಸ ಓದುತ್ತಾರೆ. ನಂತರದ ವರ್ಷಗಳಲ್ಲಿ ಶಸ್ತ್ರಚಿಕಿತ್ಸಾ ವಾರ್ಡು, ಹೆರಿಗೆ, ಮಕ್ಕಳ ಆರೈಕೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಇವುಗಳಲ್ಲಿ ಪ್ರತ್ಯಕ್ಷ ಅನುಭವ ಪಡೆಯುತ್ತಾರೆ. ಕೊನೆಗೆ ಪರವಾನಗಿ ಪರೀಕ್ಷೆ.

ಸಂಖ್ಯಾಶಾಸ್ತ್ರ ಏಕೆ? ಹೊಸ ಔಷಧದ ಬಗ್ಗೆ ಬಂದ ವರದಿ ನಂಬಲರ್ಹವೇ ಎಂದು ತಿಳಿಯಲು. ಪ್ರಬಂಧ ರಚನೆ ಏಕೆ? ರಾತ್ರಿ ಪಾಳಿಯಲ್ಲಿ ರೋಗಿಗೆ ಏನಾಯಿತೆಂದು ಬೆಳಗಿನ ಪಾಳಿಯವರಿಗೆ ಗೊಂದಲವಿಲ್ಲದೆ ಬರೆದಿಡಲು. ನೀತಿಶಾಸ್ತ್ರ ಏಕೆ? ಸಾವಿನ ಅಂಚಿನಲ್ಲಿರುವ ವ್ಯಕ್ತಿಯ ಮನೆಯವರೊಡನೆ ಮಾತನಾಡುವ ಹೊತ್ತು ಪ್ರತಿ ನರ್ಸ್‌ಗೂ ಬರುತ್ತದೆ.

ಪದವಿಯಿಂದ ರೋಗಿಗೆ ಪ್ರಯೋಜನವೇನೆಂದು ಕೇಳುವವರಿಗೂ ಉತ್ತರವಿದೆ. ಲಿಂಡಾ ಏಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ರೋಗಿಗಳನ್ನು ಕುರಿತು ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಪದವೀಧರ ನರ್ಸ್‌ಗಳ ಪ್ರಮಾಣ ಶೇಕಡ 10ರಷ್ಟು ಹೆಚ್ಚಿದ್ದ ಕಡೆ, 30 ದಿನಗಳೊಳಗೆ ರೋಗಿ ಸಾಯುವ ಸಂಭವ ಶೇಕಡ 5ರಷ್ಟು ಕಡಿಮೆ ಇತ್ತು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಪದವಿಯೊಂದೇ ಕಾರಣವೆಂದು ಸಾಬೀತು ಮಾಡುವುದಿಲ್ಲ. ಆದರೂ ಕಡೆಗಣಿಸುವಂಥ ಸಂಗತಿಯಲ್ಲ.

ನಮ್ಮ ನಾಡಿಗೆ ಬಂದಾಗ

ಭಾರತದಲ್ಲಿ ನರ್ಸಿಂಗ್ ಪದವಿ ಶುರುವಾದದ್ದು 1946ರಲ್ಲಿ, ದೆಹಲಿಯ ಕಾಲೇಜ್ ಆಫ್ ನರ್ಸಿಂಗ್ ಮತ್ತು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ. ಅದೇ ವರ್ಷ ಬಂದ ಭೋರ್ ಸಮಿತಿಯ ವರದಿಯಂತೆ ದೇಶದಲ್ಲಿ ಸುಮಾರು 43,000 ಜನರಿಗೆ ಒಬ್ಬ ನರ್ಸ್ ಇದ್ದರು! 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ ಕಾಯಿದೆ ಬಂತು. ಕರ್ನಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ನರ್ಸಿಂಗ್ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. 2021ರಲ್ಲಿ ಪ್ರಕಟವಾದ ಪರಿಷತ್ತಿನ ಹೊಸ ನಿಯಮದಂತೆ ನಮ್ಮ ಬಿ.ಎಸ್ಸಿ. ನರ್ಸಿಂಗ್ ಎಂಟು ಸೆಮಿಸ್ಟರ್‌ಗಳದ್ದು. ಮೊದಲ ಸೆಮಿಸ್ಟರಿನಲ್ಲೇ ಇಂಗ್ಲಿಷ್, ಸಮಾಜಶಾಸ್ತ್ರ, ಮನಃಶಾಸ್ತ್ರಗಳಿವೆ. ಡಿಪ್ಲೊಮಾ ಮುಗಿಸಿದವರಿಗೂ ದಾರಿ ಮುಚ್ಚಿಲ್ಲ. ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮೂಲಕ ಅವರು ಎರಡು ವರ್ಷದಲ್ಲಿ ಪದವಿ ಪಡೆಯಬಹುದು.

ಓದುಗರೇ, ಈ ಇತಿಹಾಸದಿಂದ ನಾವು ಕಲಿಯಬೇಕಾದ ಪಾಠ ಎರಡಂಚಿನದು. ಕಾಲೇಜಿಲ್ಲದ ಆಸ್ಪತ್ರೆ ವಿದ್ಯಾರ್ಥಿಯನ್ನು ಕೂಲಿಯಾಗಿಸಿತು. ಆಸ್ಪತ್ರೆಯಿಲ್ಲದ ಕಾಲೇಜು ಬರೀ ಪ್ರಮಾಣಪತ್ರ ಕೊಟ್ಟೀತು. ಆದ್ದರಿಂದ ನಿಮ್ಮ ಮಗುವನ್ನು ಸೇರಿಸುವ ಮೊದಲು ಕಟ್ಟಡದ ಅಂದ ನೋಡಿ ಮರುಳಾಗಬೇಡಿ. ಈ ಕಾಲೇಜಿಗೆ ಪರಿಷತ್ತಿನ ಮತ್ತು ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ? ವಿದ್ಯಾರ್ಥಿಗಳು ಯಾವ ಆಸ್ಪತ್ರೆಗೆ ಹೋಗುತ್ತಾರೆ, ಅಲ್ಲಿ ರೋಗಿಗಳಿದ್ದಾರೆಯೇ? ವಾರ್ಡಿನಲ್ಲಿ ಜೊತೆಗೆ ನಿಂತು ಕಲಿಸುವ ಶಿಕ್ಷಕರಿದ್ದಾರೆಯೇ? ಗ್ರಂಥಾಲಯದಲ್ಲಿ ಓದಲು ಸಮಯ ಕೊಡುತ್ತಾರೆಯೇ? ಈ ನಾಲ್ಕು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಸ್ವತಃ ಹೋಗಿ ಪರಿಶೀಲಿಸಿ.

"ನರ್ಸಿಂಗೇ? ಅದಕ್ಕೇನು ಓದು ಬೇಕು?" ಎಂದು ನೆಂಟರಿಷ್ಟರು ಮೂಗು ಮುರಿದರೆ, ಅಡಿಲೇಡ್ ನಟಿಂಗ್, ರಿಟಾ ಮಿಲ್ಲರ್ ಅವರ ಕಥೆ ಹೇಳಿ. ನಿಮ್ಮ ಮಗಳು ಓದಲು ಕೂರುವ ಬೆಂಚಿಗಾಗಿ ಅವರಂಥವರು ಎರಡು ತಲೆಮಾರು ಹೋರಾಡಿದ್ದಾರೆ. ಆ ಬೆಂಚು ಇಂದು ಖಾಲಿ ಉಳಿಯದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.