ತೂಕ ಇಳಿಸುವ ಆಪರೇಷನ್: ಮೊದಲಿನ ತಯಾರಿ ಏನು, ಮಾಡಿಸಿಕೊಂಡವರಿಂದ ಕೇಳಿ ತಿಳಿಯಬೇಕಾದ್ದೇನು?

“ಆಪರೇಷನ್ ಮಾಡಿಸಿಕೊಂಡು ಸಣ್ಣಗಾದರಂತೆ” ಎಂಬ ಮಾತು ನಮ್ಮಲ್ಲಿ ಮೆಚ್ಚುಗೆಯಾಗಿ ಬರುವುದು ಅಪರೂಪ. ಬಾಯಿ ಕಟ್ಟಲಾಗದವರು, ಮೈ ಬಗ್ಗಿಸದವರು ಹಿಡಿಯುವ ಅಡ್ಡದಾರಿ ಇದು ಎಂಬ ಕೊಂಕು ಅದರಲ್ಲಿ ಇದ್ದೇ ಇರುತ್ತದೆ. ಈ ಕೊಂಕಿಗೆ ಹೆದರಿ ಹಲವರು ಪಿತ್ತಕೋಶದ ಕಲ್ಲು, ಹರ್ನಿಯಾ ಎಂದು ನೆಂಟರಿಗೆ ಹೇಳಿ ಆಸ್ಪತ್ರೆಗೆ ಸೇರುತ್ತಾರೆ. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದು ಅವರವರ ಇಷ್ಟ. ಆದರೆ ಎಲ್ಲರಿಂದಲೂ ಮುಚ್ಚಿಟ್ಟರೆ ತಯಾರಿ ಅರ್ಧಕ್ಕೇ ನಿಲ್ಲುತ್ತದೆ, ಆಮೇಲಿನ ಆರೈಕೆಯೂ ತಪ್ಪುತ್ತದೆ. ಈ ಚಿಕಿತ್ಸೆಯ ಫಲ ಆಪರೇಷನ್ ಟೇಬಲ್ ಮೇಲಿನ ಒಂದೆರಡು ಗಂಟೆಗಳಲ್ಲಷ್ಟೇ ನಿರ್ಧಾರವಾಗುವುದಿಲ್ಲ. ಅದಕ್ಕೆ ಮುಂಚಿನ ವಾರಗಳು ಮತ್ತು ನಂತರದ ವರ್ಷಗಳೂ ಅಷ್ಟೇ ಮುಖ್ಯ. ಆ ದಾರಿಯಲ್ಲಿ ಈಗಾಗಲೇ ನಡೆದವರ ಒಡನಾಟ ಎಲ್ಲಿ ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸಬಹುದು ಎಂಬುದನ್ನೂ ಇಲ್ಲಿ ನೋಡೋಣ.

ಇದು ಕೊಬ್ಬು ಹೀರಿ ತೆಗೆಯುವ ಆಪರೇಷನ್ ಅಲ್ಲ

ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವುದು ಲೈಪೊಸಕ್ಷನ್. ಅದು ಅಂದಕ್ಕಾಗಿ ಮಾಡುವಂಥದ್ದು, ಬೊಜ್ಜಿನ ಕಾಯಿಲೆಗೆ ಚಿಕಿತ್ಸೆಯಲ್ಲ. ಬೇರಿಯಾಟ್ರಿಕ್ ಸರ್ಜರಿಯಲ್ಲಿ ಕೊಬ್ಬನ್ನು ಮುಟ್ಟುವುದೇ ಇಲ್ಲ, ಜಠರ ಮತ್ತು ಕರುಳಿನ ರಚನೆಯನ್ನು ಬದಲಿಸುತ್ತಾರೆ. ಹೊಟ್ಟೆಯ ಮೇಲೆ ಕೆಲವು ಸಣ್ಣ ರಂಧ್ರಗಳನ್ನು ಮಾಡಿ ಲ್ಯಾಪರೊಸ್ಕೋಪಿ ವಿಧಾನದಲ್ಲಿ ನಡೆಸುವುದು ಈಗಿನ ರೂಢಿ.

ಹೆಚ್ಚು ಬಳಕೆಯಲ್ಲಿರುವುದು ಎರಡು ಬಗೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಶೇ. 75ರಿಂದ 80ರಷ್ಟು ಭಾಗವನ್ನು ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆಯಾಗಿಸುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಹೀಗಾಗಿ ತಿಂದದ್ದು ಜಠರದ ಬಹುಭಾಗವನ್ನೂ ಕರುಳಿನ ಮೊದಲ ಭಾಗವನ್ನೂ ದಾಟಿ ಹೋಗುತ್ತದೆ.

ಜಾಗ ಕಡಿಮೆಯಾದ್ದರಿಂದ ಕಡಿಮೆ ತಿನ್ನುತ್ತಾರೆ ಎಂಬುದು ಅರ್ಧ ಸತ್ಯ. ಜಠರ ಮತ್ತು ಕರುಳು ಹಾರ್ಮೋನುಗಳನ್ನೂ ಸ್ರವಿಸುತ್ತವೆ. ಹಸಿವು ಹೆಚ್ಚಿಸುವ ಗ್ರೆಲಿನ್ ಮುಖ್ಯವಾಗಿ ಹುಟ್ಟುವುದು ಸ್ಲೀವ್‌ನಲ್ಲಿ ತೆಗೆದುಹಾಕುವ ಭಾಗದಲ್ಲೇ. ಹೊಟ್ಟೆ ತುಂಬಿದ ಭಾವನೆ ಕೊಡುವ, ಸಕ್ಕರೆಯನ್ನು ಹತೋಟಿಯಲ್ಲಿಡುವ ಜಿಎಲ್‌ಪಿ-1 ಎಂಬ ಹಾರ್ಮೋನು ಆಪರೇಷನ್ ನಂತರ ಊಟವಾದಾಗ ಹೆಚ್ಚು ಸ್ರವಿಸುತ್ತದೆ. ಬರೀ ಪಥ್ಯದಿಂದ ತೂಕ ಇಳಿಸಿದಾಗ ದೇಹ ಹಸಿವನ್ನು ಹೆಚ್ಚಿಸಿ ಹಳೆಯ ತೂಕಕ್ಕೆ ಎಳೆಯುತ್ತದೆ. ಆ ಎಳೆತವನ್ನು ಈ ಆಪರೇಷನ್ ಸಡಿಲಿಸುತ್ತದೆ. ಆದ್ದರಿಂದ “ಮನಸ್ಸು ಗಟ್ಟಿ ಇಲ್ಲದವರ ದಾರಿ” ಎಂಬ ಮಾತಿಗೆ ವಿಜ್ಞಾನದ ಆಧಾರವಿಲ್ಲ.

ಲಾಭ ಎಷ್ಟು, ಅಪಾಯ ಎಷ್ಟು?

ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದು ಆಪರೇಷನ್ ಮಾಡಿಸಿಕೊಂಡ 2010 ಜನರನ್ನು, ಸಾಮಾನ್ಯ ಚಿಕಿತ್ಸೆ ಪಡೆದ 2037 ಜನರೊಡನೆ ಹೋಲಿಸಿತು. 10 ವರ್ಷಗಳ ನಂತರವೂ ಬೈಪಾಸ್ ಆದವರ ತೂಕ ಮೊದಲಿಗಿಂತ ಸರಾಸರಿ ಶೇ. 25ರಷ್ಟು ಕಡಿಮೆಯಿತ್ತು. ಅಂದರೆ 100 ಕೆ.ಜಿ. ಇದ್ದವರು 75ರ ಆಸುಪಾಸು. ಆಪರೇಷನ್ ಆದವರ ಗುಂಪಿನಲ್ಲಿ ಸಾವಿನ ಪ್ರಮಾಣವೂ ಕಡಿಮೆಯಿತ್ತು. ಅಮೆರಿಕದಲ್ಲಿ 4776 ರೋಗಿಗಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ 30 ದಿನಗಳೊಳಗಿನ ಸಾವು ಶೇ. 0.3. ಸಾವಿರಕ್ಕೆ ಮೂವರು ಎಂಬುದು ಕಡಿಮೆ, ಆದರೆ ಸೊನ್ನೆಯಲ್ಲ. ಹೊಲಿಗೆಯ ಜಾಗದಲ್ಲಿ ಸೋರಿಕೆ, ರಕ್ತಸ್ರಾವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಮುಖ್ಯ ಅಪಾಯಗಳು.

ಯಾರಿಗೆ ಸಲಹೆ ಮಾಡುತ್ತಾರೆ?

ತೂಕವನ್ನು (ಕೆ.ಜಿ.) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. 160 ಸೆಂ.ಮೀ. ಎತ್ತರದವರು 90 ಕೆ.ಜಿ. ಇದ್ದರೆ ಅವರ ಬಿಎಂಐ ಸುಮಾರು 35. ಅಂತರರಾಷ್ಟ್ರೀಯ ತಜ್ಞ ಸಂಘಗಳ 2022ರ ಮಾರ್ಗಸೂಚಿ, ಬಿಎಂಐ 35 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಆಪರೇಷನ್ ಪರಿಗಣಿಸಬಹುದು ಎನ್ನುತ್ತದೆ. ನಮ್ಮಂಥ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ಹೃದ್ರೋಗ ಬರುವುದರಿಂದ 27.5ರಿಂದಲೇ ಈ ಆಯ್ಕೆ ಕೊಡಬಹುದು ಎಂದೂ ಹೇಳುತ್ತದೆ.

ವಿಮೆಯ ಲೆಕ್ಕವೇ ಬೇರೆ. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಮಾದರಿ ನಿಯಮದ ಪ್ರಕಾರ ವಯಸ್ಸು 18 ದಾಟಿರಬೇಕು, ವೈದ್ಯರ ಸಲಹೆ ಇರಬೇಕು. ಬಿಎಂಐ 40 ಇರಬೇಕು, ಇಲ್ಲವೇ 35ರ ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ನಿದ್ರೆಯಲ್ಲಿ ತೀವ್ರವಾಗಿ ಉಸಿರುಕಟ್ಟುವಂಥ ತೊಂದರೆ ಇರಬೇಕು. ವೈದ್ಯರು “ನಿಮಗೆ ಸೂಕ್ತ” ಎಂದ ಮಾತ್ರಕ್ಕೆ ವಿಮಾ ಕಂಪನಿ ಹಣ ಕೊಡುತ್ತದೆ ಎಂದು ಎಣಿಸಬಾರದು. ಪಾಲಿಸಿಯ ಕಾಯುವ ಅವಧಿ ಎಷ್ಟು ಎಂದು ನೋಡಿ, ಮುಂಗಡ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಇಷ್ಟೊಂದು ಪರೀಕ್ಷೆಗಳು ಏಕೆ?

“ಬಿಲ್ ಬೆಳೆಸಲು ಟೆಸ್ಟ್ ಬರೆಯುತ್ತಾರೆ” ಎಂದು ಅನ್ನಿಸುವುದು ಸಹಜ. ಇಲ್ಲಿ ಮಾತ್ರ ಒಂದೊಂದಕ್ಕೂ ಕಾರಣವಿದೆ. ಎಂಡೋಸ್ಕೋಪಿಯಿಂದ ಜಠರದ ಹುಣ್ಣು, ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕು ಮತ್ತು ಹುಳಿತೇಗಿನ ತೀವ್ರತೆ ತಿಳಿಯುತ್ತದೆ. ಸ್ಲೀವ್ ನಂತರ ಹುಳಿತೇಗು ಹೆಚ್ಚಾಗಬಹುದು, ಆದ್ದರಿಂದ ಅದು ಜೋರಾಗಿರುವವರಿಗೆ ಬೈಪಾಸ್ ಸೂಚಿಸುವುದುಂಟು. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚು, ಹಾಗಾಗಿ ಮೊದಲೇ ಸ್ಕ್ಯಾನ್ ಮಾಡುತ್ತಾರೆ. ಜೋರಾಗಿ ಗೊರಕೆ ಹೊಡೆಯುವವರಿಗೆ ನಿದ್ರೆಯ ಪರೀಕ್ಷೆ ಬೇಕಾಗಬಹುದು, ಏಕೆಂದರೆ ಅರಿವಳಿಕೆಯ ಸಮಯದಲ್ಲಿ ಉಸಿರುಕಟ್ಟುವ ತೊಂದರೆ ಅಪಾಯ ತರುತ್ತದೆ. ಕಬ್ಬಿಣ, ಬಿ12, ಡಿ ವಿಟಮಿನ್ ಮಟ್ಟವನ್ನೂ ನೋಡುತ್ತಾರೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಆಪರೇಷನ್ ನಂತರ ಅದು ಇನ್ನೂ ಕುಸಿಯುವುದರಿಂದ ಮೊದಲೇ ಸರಿಪಡಿಸಿಕೊಳ್ಳಬೇಕು.

ಮನೋವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಭೇಟಿಯೆಂದರೆ ಹಲವರಿಗೆ ಅಳುಕು. ಅದು ಪಾಸು-ಫೇಲಿನ ಪರೀಕ್ಷೆಯಲ್ಲ. ಬೇಸರವಾದಾಗ ತಿನ್ನುವ ಅಭ್ಯಾಸ, ಖಿನ್ನತೆ, ಮದ್ಯ ಇವುಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡುವ ಅವಕಾಶ. ಬೈಪಾಸ್ ಆದವರಿಗೆ ಸ್ವಲ್ಪ ಮದ್ಯವೂ ಬೇಗ ತಲೆಗೇರುತ್ತದೆ, ಚಟ ಅಂಟಿಕೊಳ್ಳುವ ಸಂಭವವೂ ಹೆಚ್ಚು.

ಕೊನೆಯ ಕೆಲವು ವಾರಗಳು

“ಹೇಗೂ ಆಪರೇಷನ್ ಆಗುತ್ತದೆ, ಅಷ್ಟರೊಳಗೆ ಆಸೆ ತೀರಿಸಿಕೊಳ್ಳೋಣ” ಎಂದು ಬಿರಿಯಾನಿ, ಸಿಹಿತಿಂಡಿಗಳಿಗೆ ವಿದಾಯ ಹೇಳುತ್ತಾ ತಿನ್ನುವವರಿದ್ದಾರೆ. ಇದು ನೇರವಾಗಿ ಆಪರೇಷನ್ನನ್ನೇ ಕಷ್ಟಕ್ಕೆ ಸಿಲುಕಿಸುತ್ತದೆ. ಯಕೃತ್ತಿನ ಎಡಭಾಗ ಜಠರದ ಮೇಲೆ ಹೊದ್ದುಕೊಂಡಂತಿರುತ್ತದೆ. ಬೊಜ್ಜಿರುವವರಲ್ಲಿ ಅದು ಕೊಬ್ಬು ತುಂಬಿ ಊದಿಕೊಂಡಿರುವುದು ಸಾಮಾನ್ಯ. ಅದನ್ನು ಎತ್ತಿ ಹಿಡಿಯದೆ ಸರ್ಜನ್‌ಗೆ ಜಠರ ಕಾಣಿಸುವುದಿಲ್ಲ. ಆಪರೇಷನ್‌ಗೆ ಮುಂಚೆ 2ರಿಂದ 4 ವಾರ, ಹೆಚ್ಚಾಗಿ ದಿನಕ್ಕೆ 800ರಿಂದ 1000 ಕ್ಯಾಲರಿ ಆಸುಪಾಸಿನ ಪಥ್ಯ ಹೇಳುವುದು ಈ ಯಕೃತ್ತನ್ನು ಕುಗ್ಗಿಸಲು. ಇದನ್ನು ಆಸ್ಪತ್ರೆಯ ಆಹಾರ ತಜ್ಞರ ಸಲಹೆಯಿಲ್ಲದೆ ನೀವೇ ಶುರುಮಾಡಬೇಡಿ.

ಇನ್‌ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಹಳೆಯ ಪ್ರಮಾಣವನ್ನೇ ಮುಂದುವರಿಸಿ ಪಥ್ಯ ಹಿಡಿದರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಆಪರೇಷನ್‌ಗೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ರಕ್ತದಲ್ಲಿ ಆಮ್ಲ ಹೆಚ್ಚುವ ಅಪಾಯವಿದೆ. ಸೆಮಾಗ್ಲುಟೈಡ್‌ನಂಥ ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ತಜ್ಞರಿಗೆ ತಿಳಿಸಲೇಬೇಕು. ಅದು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ. ಯಾವುದನ್ನು ಯಾವಾಗ ನಿಲ್ಲಿಸಬೇಕು ಎಂಬ ಪಟ್ಟಿಯನ್ನು ಪಥ್ಯ ಶುರುವಾಗುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ.

ಬೀಡಿ, ಸಿಗರೇಟನ್ನು ಕನಿಷ್ಠ 6 ವಾರ ಮೊದಲು ಬಿಡಬೇಕು. ಗಾಯ ಮಾಯುವುದು ತಡವಾಗುವುದಷ್ಟೇ ಅಲ್ಲ, ಬೈಪಾಸ್ ನಂತರ ಜೋಡಣೆಯ ಜಾಗದಲ್ಲಿ ಹುಣ್ಣಾಗಲು ಧೂಮಪಾನ ದೊಡ್ಡ ಕಾರಣ. ದಿನವೂ ನಡೆಯುವುದು, ಆಸ್ಪತ್ರೆಯಲ್ಲಿ ಕೊಡುವ ಮೂರು ಚೆಂಡಿನ ಉಸಿರಾಟದ ಸಾಧನವನ್ನು ಅಭ್ಯಾಸ ಮಾಡುವುದು ಆಮೇಲೆ ಬೇಗ ಚೇತರಿಸಿಕೊಳ್ಳಲು ನೆರವಾಗುತ್ತವೆ.

ಅಡುಗೆಮನೆಯೂ ತಯಾರಾಗಬೇಕು

ಆಪರೇಷನ್ ನಂತರ ಮೊದಲು ತೆಳು ದ್ರವ, ಆಮೇಲೆ ನುಣ್ಣಗೆ ರುಬ್ಬಿದ್ದು, ನಂತರ ಮೆತ್ತನೆಯ ಆಹಾರ, ಹೀಗೆ ಕೆಲವು ವಾರಗಳಲ್ಲಿ ಹಂತಹಂತವಾಗಿ ಮಾಮೂಲಿ ಊಟಕ್ಕೆ ಬರುತ್ತಾರೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕು, ಆದರೆ ಒಮ್ಮೆಗೆ ತಿನ್ನಲಾಗುವುದು ಕೆಲವೇ ತುತ್ತು. ನಮ್ಮ ಊಟದಲ್ಲಿ ತೊಡಕು ಇಲ್ಲೇ. ಗಂಜಿ, ತಿಳಿಸಾರು, ರಾಗಿ ಅಂಬಲಿ ಹೊಟ್ಟೆಗೆ ಹಿತ, ಆದರೆ ಅವುಗಳಲ್ಲಿ ಪ್ರೊಟೀನ್ ಕಡಿಮೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಪನೀರ್‌ನಲ್ಲಿ ಸುಮಾರು 18 ಗ್ರಾಂ ಇರುತ್ತದೆ. ಗಟ್ಟಿ ಮೊಸರು, ಬೇಯಿಸಿ ಮಸೆದ ಬೇಳೆ, ಮೀನು, ಅಗತ್ಯವಿದ್ದರೆ ಪ್ರೊಟೀನ್ ಪುಡಿ, ಇವನ್ನು ಮೊದಲು ತಿಂದು ಅನ್ನ-ಮುದ್ದೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು.

ಚೆನ್ನಾಗಿ ಅಗಿದು ನಿಧಾನಕ್ಕೆ ತಿನ್ನುವುದು, ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯುವುದು ಮೊದಲೇ ರೂಢಿಯಾಗಬೇಕು. ಬೈಪಾಸ್ ಆದವರು ಹೋಳಿಗೆ, ಪಾಯಸ ತಿಂದರೆ ಸಕ್ಕರೆ ನೇರವಾಗಿ ಕರುಳಿಗೆ ಇಳಿದು ಎದೆ ಡವಗುಟ್ಟುವುದು, ಬೆವರು, ತಲೆಸುತ್ತು, ಭೇದಿ ಆಗಬಹುದು. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಮದುವೆ ಮನೆಯಲ್ಲಿ “ಇನ್ನೊಂದೇ ಒಂದು” ಎಂಬ ಒತ್ತಾಯಕ್ಕೆ ಏನು ಹೇಳಬೇಕೆಂದು ಯೋಚಿಸಿಟ್ಟುಕೊಳ್ಳುವುದೂ ತಯಾರಿಯೇ.

ಮಾಡಿಸಿಕೊಂಡವರಿಂದ ಏನು ಕೇಳಬೇಕು?

ಈ ಆಪರೇಷನ್ ಮಾಡುವ ಹಲವು ಆಸ್ಪತ್ರೆಗಳಲ್ಲಿ ರೋಗಿಗಳ ಬೆಂಬಲ ಗುಂಪುಗಳಿವೆ. ಆಹಾರ ತಜ್ಞರನ್ನು ಕೇಳಿದರೆ ಸಭೆ ಯಾವಾಗ ಎಂದು ತಿಳಿಯುತ್ತದೆ. ಇಂಥ ಗುಂಪಿಗೆ ತಪ್ಪದೆ ಹೋಗುವವರ ತೂಕ ಹೆಚ್ಚು ಇಳಿದಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಹೋಗುವವರಲ್ಲಿ ಮೊದಲೇ ಹುರುಪು ಹೆಚ್ಚಿರುತ್ತದೆಯೇ ಅಥವಾ ಗುಂಪೇ ಹುರುಪು ತುಂಬುತ್ತದೆಯೇ ಎಂದು ಬಿಡಿಸಿ ಹೇಳುವುದು ಕಷ್ಟ. ಆದರೂ ವೈದ್ಯರ ಹತ್ತು ನಿಮಿಷದ ಭೇಟಿಯಲ್ಲಿ ಸಿಗದ ಉತ್ತರಗಳು ಅಲ್ಲಿ ಸಿಗುತ್ತವೆ.

ಮೂರು ತಿಂಗಳ ಹಿಂದೆ ಆಪರೇಷನ್ ಆದವರನ್ನು ಮಾತ್ರ ಕಂಡರೆ ಎಲ್ಲವೂ ಸೊಗಸಾಗಿಯೇ ಕಾಣುತ್ತದೆ. ತೂಕ ವೇಗವಾಗಿ ಇಳಿಯುವುದು ಮೊದಲ ವರ್ಷದಲ್ಲೇ. ಐದು ವರ್ಷ ಕಳೆದವರನ್ನೂ, ಇಳಿದ ತೂಕ ಸ್ವಲ್ಪ ಮರಳಿದವರನ್ನೂ ಮಾತಾಡಿಸಿ. ಹೀಗೆ ಕೇಳಬಹುದು:

- ಮೊದಲ ಹತ್ತು ದಿನ ಮನೆಯಲ್ಲಿ ಯಾರು ಜೊತೆಗಿದ್ದರು? ಕೆಲಸಕ್ಕೆ ಯಾವಾಗ ಮರಳಿದಿರಿ?
- ಆಸ್ಪತ್ರೆಯ ಬಿಲ್ ಬಿಟ್ಟು ವಿಟಮಿನ್, ಪ್ರೊಟೀನ್ ಪುಡಿ, ರಕ್ತ ಪರೀಕ್ಷೆಗೆ ವರ್ಷಕ್ಕೆ ಎಷ್ಟು ಖರ್ಚಾಗುತ್ತದೆ?
- ಕೂದಲು ಉದುರಿದಾಗ, ಚರ್ಮ ಜೋತುಬಿದ್ದಾಗ ಹೇಗೆ ನಿಭಾಯಿಸಿದಿರಿ?
- ಎಲ್ಲರೂ ಕೂತು ಉಣ್ಣುವಾಗ ಏನನ್ನಿಸುತ್ತದೆ?
- ಮೊದಲೇ ಗೊತ್ತಿರಬೇಕಿತ್ತು ಎನ್ನಿಸಿದ್ದು ಯಾವುದು?

ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದು ಸಾಮಾನ್ಯ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಇದನ್ನು ವೈದ್ಯರು ಹೇಳಿದಾಗ ಹೋಗದ ಭಯ, ಮತ್ತೆ ಜಡೆ ಹಾಕಿಕೊಂಡವರು ಎದುರಿಗೆ ಕೂತಾಗ ಹೋಗುತ್ತದೆ.

ಏನು ಕೇಳಬಾರದು?

ಔಷಧದ ಪ್ರಮಾಣವನ್ನು ಸಹರೋಗಿಗಳಿಂದ ಕೇಳಬೇಡಿ. ಅವರಿಗೆ ಆದದ್ದು ಸ್ಲೀವ್ ಇರಬಹುದು, ನಿಮಗೆ ಬೈಪಾಸ್. “ನನಗೆ ಎರಡು ತಿಂಗಳಲ್ಲಿ 20 ಕೆ.ಜಿ. ಇಳಿಯಿತು, ನಿಮಗೇಕೆ ಇಲ್ಲ?” ಎಂಬ ಹೋಲಿಕೆಯಿಂದಲೂ ದೂರವಿರಿ. ವಯಸ್ಸು, ಆರಂಭದ ತೂಕ, ಆಪರೇಷನ್ ಬಗೆ ಬೇರೆಯಾದಂತೆ ಇಳಿಕೆಯೂ ಬೇರೆ. “ನಾನು ವಿಟಮಿನ್ ನಿಲ್ಲಿಸಿದೆ, ಏನೂ ಆಗಲಿಲ್ಲ” ಎನ್ನುವವರನ್ನು ನಂಬಬೇಡಿ. ಬಿ12 ಕೊರತೆ ವರ್ಷಗಳ ನಂತರ ನರಗಳ ತೊಂದರೆಯಾಗಿ ಕಾಣಿಸಿಕೊಳ್ಳಬಹುದು. ವಿಟಮಿನ್ ಮತ್ತು ರಕ್ತ ಪರೀಕ್ಷೆ ಜೀವನಪೂರ್ತಿ ಬೇಕು.

ಆಪರೇಷನ್ ನಂತರ ಎದೆಬಡಿತ ಏರುವುದು, ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಏದುಸಿರು, ಒಂದು ಕಾಲು ಮಾತ್ರ ಊದಿಕೊಳ್ಳುವುದು ಇವುಗಳಲ್ಲಿ ಯಾವುದೇ ಕಂಡರೂ ಗುಂಪಿನಲ್ಲಿ ಸಂದೇಶ ಹಾಕಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ವಾಂತಿ ನಿಲ್ಲದಿದ್ದರೂ ಹಾಗೆಯೇ. ದಿನಗಟ್ಟಲೆ ವಾಂತಿಯಾದರೆ ಥಯಾಮಿನ್ ಎಂಬ ವಿಟಮಿನ್ ಬರಿದಾಗಿ ಮೆದುಳು, ನರಗಳಿಗೆ ಶಾಶ್ವತ ಹಾನಿಯಾಗಬಹುದು.

ಗುಟ್ಟು ಯಾರ ಬಳಿ ಇರಬಾರದು?

ಊರಿಗೆಲ್ಲ ಹೇಳಬೇಕಿಲ್ಲ. ಆದರೆ ಮನೆಯಲ್ಲಿ ಒಬ್ಬರಿಗಾದರೂ ಪೂರ್ತಿ ಗೊತ್ತಿರಬೇಕು. ನಿಮ್ಮನ್ನು ಮುಂದೆ ನೋಡುವ ಪ್ರತಿ ವೈದ್ಯರಿಗೂ ತಿಳಿಸಬೇಕು. ಹಲ್ಲುನೋವಿಗೋ ಮಂಡಿನೋವಿಗೋ ಬರೆದುಕೊಡುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆ ಬೈಪಾಸ್ ಆದವರಲ್ಲಿ ಹುಣ್ಣು ತರಬಹುದು. ಮಕ್ಕಳು ಬೇಕೆನ್ನುವವರು ಆಪರೇಷನ್ ನಂತರ 12ರಿಂದ 18 ತಿಂಗಳು ಕಾಯಬೇಕು. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಬೈಪಾಸ್ ನಂತರ ಗರ್ಭನಿರೋಧಕ ಗುಳಿಗೆ ಸರಿಯಾಗಿ ಹೀರಿಕೆಯಾಗದಿರಬಹುದು. ಹಾಗಾಗಿ ಸ್ತ್ರೀರೋಗ ತಜ್ಞರಿಗೂ ವಿಷಯ ತಿಳಿದಿರಬೇಕು.

ನೆಂಟರಿಗೆ ಪಿತ್ತಕೋಶದ ಕಲ್ಲು ಎಂದು ಹೇಳಿದರೆ ನಷ್ಟವಿಲ್ಲ. ಡಾಕ್ಟರ ಮುಂದೆಯೂ ಅದನ್ನೇ ಹೇಳಿದರೆ ತೊಂದರೆಯಾಗುವುದು ನಿಮಗೇ.