ನುಸೈಬಾರ ಹೆಸರು, ಖನ್ಸಾರ ಹೆಸರು

ನಮ್ಮ ಮದ್ರಸಗಳ ಹಾಜರಿ ಪುಸ್ತಕವನ್ನು ತೆರೆದರೆ ನುಸೈಬಾ ಎಂಬ ಹೆಸರು ಆಗಾಗ ಕಣ್ಣಿಗೆ ಬೀಳುತ್ತದೆ. ಖನ್ಸಾ ಎಂಬ ಹೆಸರು ಸ್ವಲ್ಪ ಅಪರೂಪ. ಹೆತ್ತವರು ಮಗುವಿನ ಕಿವಿಯಲ್ಲಿ ಈ ಹೆಸರನ್ನು ಕರೆಯುವಾಗ ಅವರ ಮನಸ್ಸಿನಲ್ಲಿ ಪ್ರವಾದಿವರ್ಯರ(ಸ) ಕಾಲದ ಇಬ್ಬರು ಧೀರ ಮಹಿಳೆಯರಿರುತ್ತಾರೆ. ಆದರೆ ಕಳೆದ ದಶಕದಲ್ಲಿ ಇವೇ ಎರಡು ಹೆಸರುಗಳನ್ನು ಸಿರಿಯಾದ ರಕ್ಕಾ ನಗರದಲ್ಲಿ ಎರಡು ಸಶಸ್ತ್ರ ದಳಗಳಿಗೆ ಇಡಲಾಯಿತು. ಹಾಗೆ ಹೆಸರಿಟ್ಟವರು ಐಸಿಸ್ ಎಂಬ ಉಗ್ರಗಾಮಿ ಗುಂಪಿನವರು. ಈ ಇಬ್ಬರು ಮಹಿಳೆಯರು ನಿಜವಾಗಿ ಯಾರು, ಅವರ ಹೆಸರಿನಲ್ಲಿ ನಡೆದುದೇನು ಎಂಬುದನ್ನು ಒಂದೇ ಕಡೆ ಇಟ್ಟು ನೋಡುವ ಅಗತ್ಯವಿದೆಯೆಂದು ನಮಗೆ ತೋರುತ್ತದೆ.

ನುಸೈಬಾ ಬಿಂತ್ ಕಅಬ್(ರ) ಮದೀನಾದ ಬನೂ ನಜ್ಜಾರ್ ವಂಶದವರು. ಉಮ್ಮು ಅಮ್ಮಾರಾ ಎಂದೇ ಪ್ರಸಿದ್ಧರು. ಎರಡನೆಯ ಅಖಬಾ ಪ್ರತಿಜ್ಞೆಯಲ್ಲಿ ಎಪ್ಪತ್ತಕ್ಕೂ ಮಿಕ್ಕ ಪುರುಷರ ನಡುವೆ ಇದ್ದ ಇಬ್ಬರೇ ಮಹಿಳೆಯರಲ್ಲಿ ಅವರೊಬ್ಬರು. ಹಿಜರಿ 3ರಲ್ಲಿ ಅವರು ಪತಿ ಹಾಗೂ ಪುತ್ರರೊಂದಿಗೆ ಉಹುದ್‌ಗೆ ಹೋದಾಗ ಅವರ ಕೈಯಲ್ಲಿದ್ದುದು ನೀರಿನ ತೊಗಲುಚೀಲ. ಗಾಯಾಳುಗಳಿಗೆ ನೀರುಣಿಸುವುದು ಅವರ ಕೆಲಸವಾಗಿತ್ತು. ಬಿಲ್ಲುಗಾರರು ಬೆಟ್ಟದ ಕಾವಲನ್ನು ಬಿಟ್ಟಿಳಿದು ಯುದ್ಧದ ಗತಿ ತಿರುಗಿತು. ಪ್ರವಾದಿವರ್ಯರ(ಸ) ಸುತ್ತ ಬೆರಳೆಣಿಕೆಯ ಜನ ಉಳಿದಾಗ ಅವರು ಖಡ್ಗ ಹಿಡಿದು ನಿಂತರು. ಅಂದು ಅವರ ದೇಹಕ್ಕೆ ಸುಮಾರು ಹನ್ನೆರಡು ಗಾಯಗಳಾದವು, ಭುಜದ ಮೇಲಿನ ಗಾಯ ಬಹಳ ಕಾಲ ಮಾಯಲಿಲ್ಲ ಎಂದು ಚರಿತ್ರೆಕಾರರು ಬರೆದಿದ್ದಾರೆ. ಬಯಲಿನಲ್ಲಿ, ಎದುರಿಗೆ ಬಂದ ಸಶಸ್ತ್ರ ಸೈನಿಕರ ವಿರುದ್ಧ ನಡೆದ ರಕ್ಷಣೆಯದು.

ಖನ್ಸಾ(ರ) ಬನೂ ಸುಲೈಮ್ ಗೋತ್ರದ ಕವಯಿತ್ರಿ, ನಿಜನಾಮ ತುಮಾದಿರ್ ಬಿಂತ್ ಅಮ್ರ್. ಸಹೋದರರಾದ ಸಖ್ರ್ ಮತ್ತು ಮುಆವಿಯಾರ ಅಗಲಿಕೆಗೆ ಅವರು ರಚಿಸಿದ ಶೋಕಗೀತೆಗಳು ಅರಬಿ ಸಾಹಿತ್ಯದಲ್ಲಿ ಇಂದಿಗೂ ಪಠ್ಯ. ಖಾದಿಸಿಯ್ಯಾ ಯುದ್ಧದಲ್ಲಿ ಅವರ ನಾಲ್ವರು ಪುತ್ರರು ಹುತಾತ್ಮರಾದರೆಂದೂ ಆ ಸುದ್ದಿಯನ್ನು ಅವರು ಸಹನೆಯಿಂದ ಸ್ವೀಕರಿಸಿದರೆಂದೂ ಪ್ರಸಿದ್ಧವಾಗಿದೆ. ಅವರು ಚಾಟಿ ಹಿಡಿದವರಲ್ಲ.

ರಕ್ಕಾದ ಖನ್ಸಾ ದಳ ಹಿಡಿದದ್ದು ಚಾಟಿಯನ್ನೇ. 2014ರ ಆರಂಭದಲ್ಲಿ ರಚನೆಯಾದ ಈ ದಳದ ಮೊದಲ ಕೆಲಸ ತನಿಖಾ ಠಾಣೆಗಳಲ್ಲಿ ಮಹಿಳೆಯರನ್ನು ಶೋಧಿಸುವುದು. ಎದುರಾಳಿಗಳು ಸ್ತ್ರೀವೇಷದಲ್ಲಿ ನುಸುಳುತ್ತಾರೆಂಬ ಭಯ ಅದಕ್ಕೆ ಕಾರಣ. ಬಳಿಕ ಅದು ಬೀದಿ ಬೀದಿ ತಿರುಗಿ ಉಡುಪಿನ ತಪ್ಪು ಹುಡುಕಿ ಹೆಂಗಸರಿಗೆ ಹೊಡೆಯುವ ಪಹರೆಯಾಯಿತು. ಇಲ್ಲೊಂದು ವಿಚಿತ್ರವಿದೆ. 2015ರ ಜನವರಿಯಲ್ಲಿ ಇದೇ ದಳದ ಹೆಸರಿನಲ್ಲಿ ಹೊರಬಂದ ಅರಬಿ ಪ್ರಕಟಣೆಯು ಹೆಣ್ಣಿನ ಸ್ಥಾನ ಮನೆಯೇ ಎಂದಿತು. ಹುಡುಗಿಯರ ವ್ಯಾಸಂಗ ಹದಿನೈದಕ್ಕೆ ಮುಗಿಯಬೇಕು, ಒಂಬತ್ತನೇ ವಯಸ್ಸಿಗೇ ಮದುವೆ ಮಾಡಬಹುದು ಎಂದೂ ಬರೆಯಿತು. ಬೀದಿಯಲ್ಲಿ ಬಂದೂಕು ಹೊತ್ತು ನಿಂತವರ ಬಾಯಲ್ಲಿ ಇತರರಿಗೆ ಮನೆಯ ಪಾಠ!

ಅದೇ ಹೊತ್ತಿಗೆ ಇನ್ನೊಂದು ಬಗೆಯ ಹೆಂಗಸರೂ ಆ ರಾಜ್ಯದಲ್ಲಿದ್ದರು. 2014ರ ಆಗಸ್ಟ್‌ನಲ್ಲಿ ಇರಾಕಿನ ಸಿಂಜಾರ್ ಪ್ರದೇಶದಿಂದ ಸೆರೆಹಿಡಿದು ತಂದು ಮಾರಿದ ಸಾವಿರಾರು ಯಝೀದಿ ಸ್ತ್ರೀಯರು. ಅವರಲ್ಲಿ ಒಬ್ಬರಾದ ನಾದಿಯಾ ಮುರಾದ್ ಮುಂದೆ 2018ರ ನೊಬೆಲ್ ಶಾಂತಿ ಪುರಸ್ಕಾರ ಪಡೆದರು. ಜಗತ್ತಿನ ನೂರಕ್ಕೂ ಹೆಚ್ಚು ಉಲಮಾಗಳು 2014ರ ಸೆಪ್ಟೆಂಬರ್‌ನಲ್ಲಿ ಬಗ್ದಾದಿಗೆ ಬರೆದ ಬಹಿರಂಗ ಪತ್ರದಲ್ಲಿ, ಗುಲಾಮಗಿರಿಯನ್ನು ಮರಳಿ ತರುವುದು ಸಮುದಾಯದ ಒಮ್ಮತಕ್ಕೆ ವಿರುದ್ಧವೆಂದು ಸ್ಪಷ್ಟವಾಗಿ ಹೇಳಿದರು. ಈ ಪತ್ರದ ವಿಷಯ ನಮ್ಮ ಜುಮಾ ಪ್ರವಚನಗಳಲ್ಲಿ ಬರಬೇಕಾದಷ್ಟು ಬರಲಿಲ್ಲವೆಂಬ ಕೊರಗು ನಮಗಿದೆ.

ಇನ್ನು ನುಸೈಬಾರ ಹೆಸರಿನ ದಳ. ಅದು 2017ರಲ್ಲಿ, ಅಂದರೆ ರಕ್ಕಾ ಕೈಜಾರುವ ಹೊತ್ತಿನಲ್ಲಿ ಹುಟ್ಟಿತೆಂಬುದು ಗಮನಾರ್ಹ. ಇರಾಕಿನ ಮೋಸುಲ್ ನಗರವೂ ಆ ವರ್ಷವೇ ಗುಂಪಿನ ಕೈತಪ್ಪಿತು. ಗಂಡಸರು ಸಾಯುತ್ತಿದ್ದರು, ನೆಲ ಕುಗ್ಗುತ್ತಿತ್ತು. ನಿನ್ನೆಯವರೆಗೆ ಮನೆಯೇ ಹೆಣ್ಣಿನ ಕೋಟೆ ಎನ್ನುತ್ತಿದ್ದ ಪತ್ರಿಕೆಗಳ ಧಾಟಿ ಬದಲಾಯಿತು. ಉಹುದ್‌ನ ನುಸೈಬಾರನ್ನು ಮುಂದಿಟ್ಟು ಮಹಿಳೆಯರೂ ಹೋರಾಟಕ್ಕಿಳಿಯಬೇಕೆಂಬ ಬರಹಗಳು ಬಂದವು. ಅದೇ ಅಕ್ಟೋಬರ್‌ನಲ್ಲಿ ಗುಂಪಿನ ‘ಅಲ್ ನಬಾ’ ವಾರಪತ್ರಿಕೆಯು ಅದನ್ನು ಕಡ್ಡಾಯವೆಂದೇ ಸಾರಿತು. 2018ರ ಫೆಬ್ರವರಿಯ ವಿಡಿಯೋದಲ್ಲಿ ಬುರ್ಖಾಧಾರಿ ಮಹಿಳೆಯರು ಗುಂಡು ಹಾರಿಸುವ ದೃಶ್ಯವಿತ್ತು. ಮೂರು ವರ್ಷಗಳಲ್ಲಿ ಕುರ್‌ಆನ್ ಬದಲಾಗಲಿಲ್ಲ, ಹದೀಸ್ ಬದಲಾಗಲಿಲ್ಲ. ಬದಲಾದುದು ಗಂಡಾಳುಗಳ ಲೆಕ್ಕ ಮಾತ್ರ.

ಇದು ಐಸಿಸ್ ಒಂದರ ಕತೆಯಲ್ಲ. 2005ರ ನವೆಂಬರ್‌ನಲ್ಲಿ ಜೋರ್ಡಾನಿನ ಅಮ್ಮಾನ್ ನಗರದ ಹೋಟೆಲೊಂದರ ಮದುವೆ ಸಮಾರಂಭಕ್ಕೆ ಝರ್ಕಾವಿಯ ಗುಂಪು ಕಳುಹಿಸಿದವರಲ್ಲಿ ಸಾಜಿದಾ ಅಲ್ ರಿಶಾವಿ ಎಂಬಾಕೆಯೂ ಇದ್ದಳು. ನೈಜೀರಿಯಾದ ಬೋಕೋ ಹರಾಂ 2014ರ ಏಪ್ರಿಲ್‌ನಲ್ಲಿ ಚಿಬೊಕ್ ಶಾಲೆಯಿಂದ 276 ವಿದ್ಯಾರ್ಥಿನಿಯರನ್ನು ಅಪಹರಿಸಿತು. ಜೂನ್‌ನಲ್ಲಿ ಗೊಂಬೆ ನಗರದಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬಳನ್ನು ಬಾಂಬಾಗಿ ಬಳಸಿತು. ಯುನಿಸೆಫ್ ಹೇಳುವಂತೆ 2017ರ ಮೊದಲ ಎಂಟು ತಿಂಗಳಲ್ಲಿ ಹೀಗೆ ಬಳಸಲ್ಪಟ್ಟ ಮಕ್ಕಳು 83, ಅವರಲ್ಲಿ ಹುಡುಗಿಯರು 55. ಹೆಚ್ಚಿನವರಿಗೆ ಹದಿನೈದೂ ತುಂಬಿರಲಿಲ್ಲ. ಅವರನ್ನು ಭಯೋತ್ಪಾದಕಿಯರೆನ್ನಲು ನಮ್ಮ ನಾಲಿಗೆ ಏಳುವುದಿಲ್ಲ. ಸಡಿಲ ಉಡುಪಿನೊಳಗೆ ಬಾಂಬು ಅಡಗುತ್ತದೆ, ಹೆಣ್ಣನ್ನು ಕಾವಲುಗಾರ ಶೋಧಿಸುವುದಿಲ್ಲ ಎಂಬುದೇ ಅವರನ್ನು ಆರಿಸಿಕೊಂಡ ಕಾರಣ. ಇದರ ಫಲವನ್ನು ಉಂಡವರು ಬೇರೆ ಮುಸ್ಲಿಮ್ ಮಹಿಳೆಯರು: ಆತ್ಮಾಹುತಿ ದಾಳಿಗಳ ಬಳಿಕ 2015ರಲ್ಲಿ ಚಾಡ್ ದೇಶವೂ ಕ್ಯಾಮೆರೂನಿನ ದೂರ ಉತ್ತರ ಪ್ರಾಂತವೂ ಮುಖಪರದೆಯನ್ನು ನಿಷೇಧಿಸಿದವು.

ಪ್ರವಾದಿವರ್ಯರು(ಸ) ಯುದ್ಧವೊಂದರಲ್ಲಿ ಕೊಲ್ಲಲ್ಪಟ್ಟ ಸ್ತ್ರೀಯ ಶವವನ್ನು ಕಂಡು ನೊಂದು, ಸ್ತ್ರೀಯರನ್ನೂ ಮಕ್ಕಳನ್ನೂ ಕೊಲ್ಲುವುದನ್ನು ನಿಷೇಧಿಸಿದ ವಿಷಯ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಪ್ರಾಣವನ್ನು ತಾನೇ ಕಳೆದುಕೊಳ್ಳುವುದು ಅನ್ನಿಸಾ ಅಧ್ಯಾಯದಲ್ಲೇ ನಿಷಿದ್ಧ. ಮದುವೆ ಮನೆಗೂ ಸಂತೆಗೂ ಬಾಂಬು ಹೊತ್ತು ಹೋಗುವುದಕ್ಕೆ ಉಹುದ್‌ನಲ್ಲಿ ಪೂರ್ವನಿದರ್ಶನ ಹುಡುಕುವವರು ಇವೆರಡನ್ನೂ ದಾಟಿಯೇ ಹೋಗಬೇಕು. ಈ ಗುಂಪುಗಳಿಗೆ ಪೂರ್ವಜೆ ಬೇಕಿದ್ದರೆ ಆಕೆ ಸಿಗುವುದು ಕೂಫಾದಲ್ಲಿ. ನಹ್ರವಾನ್‌ನಲ್ಲಿ ತನ್ನವರನ್ನು ಕಳೆದುಕೊಂಡ ಕತಾಮ್ ಎಂಬ ಖವಾರಿಜ್ ಸ್ತ್ರೀ, ತನ್ನನ್ನು ವರಿಸಬಯಸಿದ ಇಬ್ನ್ ಮುಲ್ಜಮ್‌ನಿಂದ ಮಹ್ರ್‌ನ ಭಾಗವಾಗಿ ಹಝ್ರತ್ ಅಲಿಯವರ(ರ) ಹತ್ಯೆಯನ್ನು ಕೇಳಿದಳೆಂದು ತಬರಿಯ ಚರಿತ್ರೆ ಹೇಳುತ್ತದೆ. ಹಿಜರಿ 40ರ ರಮಝಾನಿನಲ್ಲಿ ಖಲೀಫರು ಕೂಫಾದ ಮಸೀದಿಯಲ್ಲಿ ಇರಿತಕ್ಕೊಳಗಾದರು. ಆದರೆ ಯಾವ ಗುಂಪೂ ತನ್ನ ದಳಕ್ಕೆ ಕತಾಮ್ ಎಂದು ಹೆಸರಿಡಲಿಲ್ಲ. ಹಾಗೆ ಹೆಸರಿಟ್ಟರೆ ಯಾವ ಮನೆಯ ಮಗಳು ಬಂದಾಳು?

ನುಸೈಬಾರ ಹೆಸರಿನ ಆ ದಳವನ್ನು ನಡೆಸಿದವಳು ಅಲಿಸನ್ ಫ್ಲೂಕ್ ಎಕ್ರೆನ್, ಅಮೆರಿಕದ ಕಾನ್ಸಸ್ ರಾಜ್ಯದವಳು, ಒಂದು ಕಾಲದಲ್ಲಿ ಶಿಕ್ಷಕಿ. ಆಕೆ ನೂರಕ್ಕೂ ಹೆಚ್ಚು ಮಹಿಳೆಯರಿಗೂ ಬಾಲೆಯರಿಗೂ ಬಂದೂಕು, ಗ್ರೆನೇಡ್, ಆತ್ಮಾಹುತಿ ಪಟ್ಟಿಯ ಬಳಕೆ ಕಲಿಸಿದಳು. ಕೆಲವರಿಗೆ ಹತ್ತು ಹನ್ನೊಂದರ ವಯಸ್ಸು, ನಮ್ಮ ಮದ್ರಸದ ನಾಲ್ಕೈದನೇ ತರಗತಿಯ ಮಕ್ಕಳಷ್ಟು. 2022ರ ನವೆಂಬರ್‌ನಲ್ಲಿ ವರ್ಜೀನಿಯಾದ ನ್ಯಾಯಾಲಯ ಆಕೆಗೆ 20 ವರ್ಷಗಳ ಸೆರೆವಾಸ ವಿಧಿಸಿತು. ಶಿಕ್ಷೆಯ ದಿನ ಆಕೆಯ ವಿರುದ್ಧ ನಿಂತು ಮಾತನಾಡಿದವರಲ್ಲಿ, ಹದಿಮೂರನೇ ವಯಸ್ಸಿಗೆ ಐಸಿಸ್ ಯೋಧನಿಗೆ ಮದುವೆ ಮಾಡಿಕೊಡಲ್ಪಟ್ಟಿದ್ದ ಆಕೆಯ ಸ್ವಂತ ಮಗಳೂ ಇದ್ದಳು.

2019ರ ಮಾರ್ಚ್‌ನಲ್ಲಿ ಬಾಗೂಝ್ ಗ್ರಾಮದೊಂದಿಗೆ ಐಸಿಸ್‌ನ ಕೊನೆಯ ತುಂಡು ನೆಲವೂ ಹೋಯಿತು. ಅಲ್ಲಿಂದ ಹೊರಟವರಿಂದ ಈಶಾನ್ಯ ಸಿರಿಯಾದ ಅಲ್ ಹೋಲ್ ಶಿಬಿರ ತುಂಬಿ, ಜನಸಂಖ್ಯೆ 70,000 ದಾಟಿತು. ಬಹುತೇಕರು ಹೆಂಗಸರು ಮತ್ತು ಮಕ್ಕಳು. ಆ ಡೇರೆಗಳ ನಡುವೆಯೂ ಕೆಲವು ಸ್ತ್ರೀಯರು ಮತ್ತೆ ಪಹರೆ ಕಟ್ಟಿ, ಪರದೆ ಸಡಿಲಿಸಿದವರ ಡೇರೆಗೆ ಬೆಂಕಿಯಿಟ್ಟರು. ಈ ಶಿಬಿರದಲ್ಲಿ ಹುಟ್ಟಿದ ಮಕ್ಕಳು ನುಸೈಬಾ(ರ) ಎಂಬ ಹೆಸರನ್ನು ಮೊದಲು ಇಂಥವರ ಬಾಯಿಂದಲೇ ಕೇಳಿರಬಹುದು.