ಪಿಷ್ಟದ ಇನ್ನೊಂದು ಚರಿತ್ರೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಗಳಲ್ಲಿ ಪಿಷ್ಟವೆಂಬುದು, ಅಂದರೆ ಗಂಜಿಯನ್ನು ಮಂದವಾಗಿಸುವ ಸತ್ವವು, ಆಹಾರವೂ ಮದ್ದೂ ಆಗಿತ್ತಲ್ಲದೆ ಬಟ್ಟೆಯನ್ನು ಗರಿಗರಿಯಾಗಿ ನಿಲ್ಲಿಸುವ ಸಾಧನವೂ ಆಗಿತ್ತು. ಪಿಷ್ಟಗಳಲ್ಲಿ ಹೆಚ್ಚು ಶ್ರಮ ಬೇಡಿದ್ದು ಕೂವೆಹಿಟ್ಟು. ಕಾಡಿನ ಅರಿಶಿನ ಜಾತಿಯ ಗಡ್ಡೆಗೂ ಹಿತ್ತಿಲಿನ ಆರೋರೂಟ್ ಗಡ್ಡೆಗೂ ಕೂವೆಯೆಂಬ ಒಂದೇ ಹೆಸರು ಸಲ್ಲುತ್ತದೆ. ಮಳೆಗಾಲ ಕಳೆದು ಎಲೆ ಒಣಗಿದ ಮೇಲೆ ಗಡ್ಡೆಯನ್ನು ಅಗೆದು, ಒರಟು ಕಲ್ಲಿನಲ್ಲಿ ತೇಯ್ದು, ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಇಡುತ್ತಿದ್ದರು. ಹಿಟ್ಟು ತಳಕ್ಕೆ ಕೂತ ಮೇಲೆ ಕಹಿನೀರನ್ನು ಬಗ್ಗಿಸಿ, ಹೊಸ ನೀರು ಹೊಯ್ದು, ಅದು ತಿಳಿಯಾಗುವ ತನಕ ದಿನಗಟ್ಟಲೆ ಇದನ್ನೇ ಮಾಡಿ, ಕೊನೆಗೆ ಬಿಸಿಲಿಗೆ ಹರವುತ್ತಿದ್ದರು. ಎಳೆಯ ಮಕ್ಕಳಿಗೆ ಮಾಡುವ ಮಣ್ಣಿಯೆಂಬ ಮೆದು ತಿನಿಸಿಗೂ ಹೊಟ್ಟೆ ಕೆಟ್ಟವರ ಗಂಜಿಗೂ ಒದಗುತ್ತಿದ್ದ ಈ ಹಿಟ್ಟು ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಶುದ್ಧೀಕರಿಸಿದ ಜೈವಿಕ ಪಾಲಿಮರ್, ಎಂದರೆ ಸಸ್ಯವೋ ಪ್ರಾಣಿಯೋ ಕಟ್ಟಿದ ಉದ್ದನೆಯ ಅಣುಸರಪಳಿ. ಹಾಗೆ ಕರೆಯದಿದ್ದರೂ ಅದನ್ನು ಬೇರ್ಪಡಿಸುವ ವಿದ್ಯೆಯನ್ನು ಈ ಸೀಮೆಯ ಹೆಂಗಸರು ಪೂರ್ಣವಾಗಿ ಬಲ್ಲವರಾಗಿದ್ದರು.

ತೆಂಗಿನ ಗರಿಯ ಸೂಟೆ ಹಿಡಿದು ರಾತ್ರಿ ದಾರಿ ನಡೆಯುತ್ತಿದ್ದ ಇದೇ ಸೀಮೆಗೆ ಟಾರ್ಚು ಬಂದಾಗ, ಅದರ ಸೆಲ್ಲಿನೊಳಗೂ ಪಿಷ್ಟವೇ ಇತ್ತೆಂಬುದು ಗಮನಿಸಬೇಕಾದ ಸಂಗತಿ. ಫ್ರಾನ್ಸಿನ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ಕೋಶದಲ್ಲಿ ನವಸಾಗರದ ದ್ರಾವಣವಿದ್ದುದರಿಂದ ಅದನ್ನು ಒಯ್ಯುವುದು ಕಷ್ಟವಾಗಿತ್ತು. ಜರ್ಮನಿಯ ಕಾರ್ಲ್ ಗಾಸ್ನರ್ 1886ರ ಹೊತ್ತಿಗೆ ಅದನ್ನು ಚೆಲ್ಲದ ಒಣಕೋಶವಾಗಿಸಿದ. ಮುಂದಿನ ತಯಾರಕರು ಗೋಧಿಹಿಟ್ಟು ಮತ್ತು ಮೆಕ್ಕೆಜೋಳದ ಪಿಷ್ಟವನ್ನು ಬೆರೆಸಿ ದ್ರಾವಣವನ್ನು ಮಂದವಾಗಿಸಿದರು, ಅಂದರೆ ಗಂಜಿಯ ಹದಕ್ಕೆ ತಂದರು. ವಿದ್ಯುದಂಶ ಹೊತ್ತ ಕಣಗಳಾದ ಅಯಾನುಗಳು ಎರಡು ಧ್ರುವಗಳ ನಡುವೆ ಸಂಚರಿಸಲು ಎಡೆಕೊಡುವ ಇಂಥ ಮಾಧ್ಯಮವೇ ವಿದ್ಯುದ್ವಿಚ್ಛೇದ್ಯ. ಆದರೆ ಅಲ್ಲಿ ಪಿಷ್ಟದ ಕೆಲಸ ನೀರನ್ನು ಹಿಡಿದಿಡುವುದಷ್ಟೇ. ಅಯಾನುಗಳು ಸಾಗುತ್ತಿದ್ದುದು ನೀರಿನ ಮೂಲಕ.

ಪಾಲಿಮರಿನ ಸರಪಳಿಯೇ ಅಯಾನುಗಳಿಗೆ ದಾರಿಯಾಗಬಹುದೆಂಬ ತಿಳಿವು 1973ರಲ್ಲಿ ಪೀಟರ್ ರೈಟ್ ಮತ್ತು ಸಂಗಡಿಗರು ಪಾಲಿಎಥಿಲೀನ್ ಆಕ್ಸೈಡಿನಲ್ಲಿ ಲವಣಗಳನ್ನು ಬೆರೆಸಿ ಮಾಡಿದ ಅಧ್ಯಯನದಿಂದ ಬಂತು, 1978ರಲ್ಲಿ ಮಿಶೆಲ್ ಅರ್ಮಾಂ ಅದನ್ನು ಬ್ಯಾಟರಿಗೆ ಸೂಚಿಸಿದರು. ಸಾಮಾನ್ಯ ಉಷ್ಣತೆಯಲ್ಲಿ ಈ ಸರಪಳಿಗಳು ಹರಳುಗಟ್ಟಿ ಬಿಗಿಯುತ್ತವೆ, ಬಿಗಿದಲ್ಲಿ ಅಯಾನುಗಳ ನಡೆ ನಿಧಾನವಾಗುತ್ತದೆ. 1998ರಲ್ಲಿ ಕ್ರೋಚೆ, ಸ್ಕ್ರೋಸಾಟಿ ಮೊದಲಾದವರು ಟೈಟಾನಿಯಂ ಡೈಆಕ್ಸೈಡ್ ಮತ್ತು ಅಲ್ಯುಮಿನಾದ ನ್ಯಾನೊಕಣಗಳನ್ನು, ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ ಅಳೆಯುವ ಹುಡಿಯನ್ನು ಬೆರೆಸಿ, ಸರಪಳಿಗಳು ಹರಳಾಗುವುದನ್ನು ತಡೆದು ವಾಹಕತೆಯನ್ನು ಹೆಚ್ಚಿಸಿದರು. ಹುಡಿ ಅತಿಯಾದರೆ ಕಣಗಳು ಗಂಟುಕಟ್ಟಿ ದಾರಿಯನ್ನೇ ಮುಚ್ಚುತ್ತವೆ. ಆದ್ದರಿಂದ ಇಲ್ಲಿಯೂ ಎಲ್ಲವೂ ಹದದ ಪ್ರಶ್ನೆ.

ಸಂಶ್ಲೇಷಿತ ಪಾಲಿಮರಿನ ಜಾಗಕ್ಕೆ ಪಿಷ್ಟ, ಸೆಲ್ಯುಲೋಸ್, ಸಿಗಡಿ ಚಿಪ್ಪಿನಿಂದ ದೊರೆಯುವ ಕೈಟೋಸಾನ್ ಬಂದದ್ದು ಇದರ ಮುಂದಿನ ಹಂತ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಶೋಧಕರು ಆಲೂಗಡ್ಡೆಯ ಪಿಷ್ಟವನ್ನೂ ಆರೋರೂಟ್ ಪಿಷ್ಟವನ್ನೂ ಹೀಗೆ ಪರೀಕ್ಷಿಸಿದ್ದಾರೆ. ಕರಾವಳಿಯಲ್ಲಿ, 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆ ಆವರಣದ ಭೌತಶಾಸ್ತ್ರ ವಿಭಾಗದಲ್ಲಿ ಪಾಲಿಮರ್ ವಿದ್ಯುದ್ವಿಚ್ಛೇದ್ಯಗಳ ಅಧ್ಯಯನ ನಡೆದರೆ, ಮಣಿಪಾಲದಲ್ಲಿ ಸೋಡಿಯಂ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸಿನ ಮೇಲೆ ಕೆಲಸವಾಗಿದೆ. ವಿಧಾನ ಅಪರಿಚಿತವೇನಲ್ಲ: ಪಾಲಿಮರನ್ನು ನೀರಿನಲ್ಲಿ ಕರಗಿಸಿ, ಲವಣ ಸೇರಿಸಿ, ಬಾಗುವಂತಾಗಲು ಗ್ಲಿಸರಿನ್ ಹಾಕಿ, ನ್ಯಾನೊಕಣಗಳನ್ನು ಕಲಕಿ, ಗಾಜಿನ ತಟ್ಟೆಗೆ ಹೊಯ್ದು ಒಣಗಿಸಿದರೆ ತೆಳುವಾದ ಹಾಳೆ ಎದ್ದುಬರುತ್ತದೆ.

ಆ ಹಾಳೆಯ ದೊಡ್ಡ ಶತ್ರು ತೇವ. ಜೈವಿಕ ಪಾಲಿಮರುಗಳು ಗಾಳಿಯ ಪಸೆಯನ್ನು ಹೀರುತ್ತವೆ, ಇಂಥ ಬ್ಯಾಟರಿಗಳಲ್ಲಿ ಧ್ರುವವಾಗಿ ಬಳಸುವ ಲಿಥಿಯಂ ಲೋಹವಂತೂ ನೀರಿನೊಂದಿಗೆ ಕೂಡಲೇ ವರ್ತಿಸುತ್ತದೆ. ಆದಕಾರಣ ಅಂಥ ಕೋಶಗಳನ್ನು ಆರ್ಗಾನ್ ತುಂಬಿದ, ಮುಚ್ಚಿದ ಪೆಟ್ಟಿಗೆಯೊಳಗೆ ಜೋಡಿಸಬೇಕಾಗುತ್ತದೆ. ಆಟಿ ತಿಂಗಳ ಮಳೆಗೆ ಮೊದಲೇ ಕೂವೆಹಿಟ್ಟನ್ನು ಚೆನ್ನಾಗಿ ಒಣಗಿಸಿ ಭರಣಿಯ ಬಾಯಿ ಬಿಗಿದಿಡುತ್ತಿದ್ದುದೂ ಇದೇ ಪಸೆಗೆ ಹೆದರಿ.